ದೀಪದ ಬುಡದ ಕತೆಗಳು

ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆ ಕನ್ನಡದಲ್ಲಿದೆ. ಉರ್ದುವಿನಲ್ಲೂ ಅದೇ ಮಾತು: ಚಿರಾಗ್ ತಲೇ ಅಂಧೇರಾ. ನಗರದ ರಾತ್ರಿಯ ಕುರಿತ ಸಣ್ಣಕತೆಗಳನ್ನು ಓದುವಾಗ ಕೊಳ್ಳೇಗಾಲದ ಸೀಮೆ ನನಗೆ ನೆನಪಾಗುವುದು ಈ ಗಾದೆಯಿಂದಲೇ. ನಮ್ಮ ನಗರಗಳ ರಾತ್ರಿಗೆ ಮೊದಲು ಬೆಳಕು ಹೋದದ್ದು ಆ ಊರಿನ ಮಗ್ಗುಲಿನಿಂದ.

1902ರಲ್ಲಿ ಮೈಸೂರು ಸರಕಾರ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದು, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕಳಿಸಿತು. 1905ರಲ್ಲಿ ಬೆಂಗಳೂರು ಬೆಳಗಿತು, 1908ರಲ್ಲಿ ಮೈಸೂರು. ಅದೇ ಹೊಳೆಯ ಒಂದು ಕವಲು ಭರಚುಕ್ಕಿಯಾಗಿ ಧುಮುಕುವುದು ಕೊಳ್ಳೇಗಾಲದ ಕಡೆ. ಆದರೆ ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದೊಳಗೆ ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರಾಗಿತ್ತು.

ಈ ಸೀಮೆಯ ರಾತ್ರಿಗೆ ಕತೆಯ ಬರ ಎಂದೂ ಇರಲಿಲ್ಲ. ಹನೂರಿನಾಚೆಯ ಬೆಟ್ಟದ ಮಾದಪ್ಪನ ಕತೆಯನ್ನು ಕಂಸಾಳೆಯವರು, ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕತೆಯನ್ನು ನೀಲಗಾರರು ಬೆಳಗಾಗುವ ತನಕ ಹಾಡುತ್ತ ಬಂದಿದ್ದಾರೆ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಚಂದ್ರಮಂಡಲ ಉರಿಯುವುದೂ ಹುಣ್ಣಿಮೆಯ ರಾತ್ರಿಯೇ. ಅಲ್ಲಿ ಕತೆ ಹೇಳುವವರೂ ಕೇಳುವವರೂ ಒಂದೇ ಬೆಳಕಿನ ಸುತ್ತ ಕುಳಿತಿರುತ್ತಾರೆ.

ನಗರದ ರಾತ್ರಿ ಹಾಗಲ್ಲ. ಅಲ್ಲಿ ಯಾರು ಯಾರೆಂದು ಯಾರಿಗೂ ತಿಳಿಯದು. ಆ ರಾತ್ರಿಯನ್ನು ನಾನು ಮೊದಲು ಓದಿದ್ದು ಉರ್ದು ಅಫ್ಸಾನೆಗಳಲ್ಲಿ. ಸಆದತ್ ಹಸನ್ ಮಂಟೋ ಅವರ ‘ಹತಕ್’ ಕತೆಯಲ್ಲಿ, ಮುಂಬಯಿಯ ನಡುರಾತ್ರಿ, ಕಾರಿನಲ್ಲಿ ಬಂದ ಸೇಠ್ ಒಬ್ಬ ವೇಶ್ಯೆ ಸೌಗಂಧಿಯ ಮುಖಕ್ಕೆ ಟಾರ್ಚ್ ಬಿಟ್ಟು, ಬೇಡವೆಂದು ಮೂಗು ಮುರಿದು ಹೊರಟುಹೋಗುತ್ತಾನೆ. ಆ ಕ್ಷಣದ ಅವಮಾನವೇ ಇಡೀ ಕತೆ. ಗುಲಾಂ ಅಬ್ಬಾಸ್ ಅವರ ‘ಓವರ್‌ಕೋಟ್’ನಲ್ಲಿ ಲಾಹೋರಿನ ಮಾಲ್ ರಸ್ತೆಯಲ್ಲಿ ಚಳಿಗಾಲದ ಸಂಜೆ ಠೀವಿಯಿಂದ ಅಡ್ಡಾಡುವ ಯುವಕ ಲಾರಿಗೆ ಸಿಲುಕುತ್ತಾನೆ. ಆಸ್ಪತ್ರೆಯಲ್ಲಿ ಕೋಟು ಬಿಚ್ಚಿದಾಗ ಒಳಗಿನ ಹರಕು ಬಟ್ಟೆ, ಬಡತನ ಎಲ್ಲ ಹೊರಬೀಳುತ್ತದೆ. ಬೆಳಕು ಯಾರ ಕೈಯಲ್ಲಿದೆ, ಅದು ಯಾರ ಮೇಲೆ ಬೀಳುತ್ತದೆ? ಎರಡೂ ಕತೆಗಳು ನಮ್ಮನ್ನು ಕೇಳುವುದು ಇದನ್ನೇ. ಮಂಟೋ ಅಶ್ಲೀಲ ಬರೆದರೆಂದು ಮತ್ತೆ ಮತ್ತೆ ಕೋರ್ಟಿಗೆ ಎಳೆದವರಿಗೆ ಈ ಪ್ರಶ್ನೆ ಕೇಳಿಸಲಿಲ್ಲ.

ಕನ್ನಡದಲ್ಲಿ ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳು ಅಪರಿಚಿತರ ನಡುವಿನ ಮಮತೆಯನ್ನು ತೋರಿಸಿಕೊಟ್ಟವು. ಆದರೂ ನಮ್ಮ ಅನೇಕ ಕತೆಗಳಲ್ಲಿ ನಗರದ ರಾತ್ರಿಯೆಂದರೆ ಇನ್ನೂ ಪಾಪ, ಇಲ್ಲವೇ ಭಯ. ದುಡಿಮೆಯ ರಾತ್ರಿ ಕಾಣುವುದು ಕಡಿಮೆ. ಇದರಲ್ಲಿ ನನ್ನ ಪಾಲೂ ಇದೆ. ಹಿಂದೊಮ್ಮೆ ಬರೆದ ಕತೆಯಲ್ಲಿ ಗೇಟು ಕಾಯುವವನಿಗೆ ನಾನು ಒಂದು ಹೆಸರನ್ನೂ ಇಟ್ಟಿರಲಿಲ್ಲ.

ಹನೂರು ಕಡೆಯ ಹಳ್ಳಿಗಳಿಂದ ಕೂಲಿ ಅರಸಿ ಬೆಂಗಳೂರಿಗೆ ಹೋದವರಿದ್ದಾರೆ. ಹಿಂದೆ ಬೆಳಕು ಹೋದ ದಿಕ್ಕಿಗೇ ಈಗ ಜನರೂ ಹೋಗುತ್ತಿದ್ದಾರೆ. ಬೀದಿದೀಪದ ಕೆಳಗೆ ನಿಂತ ಅವರ ಊರು, ಹೆಸರು ಕೇಳಿಕೊಂಡು ಬರೆಯುವ ಕೆಲಸ ನಮ್ಮ ಮುಂದೆ ಬಾಕಿ ಇದೆ.