ತಕ್ಕಡಿಯ ನ್ಯಾಯ, ಸಾಲದ ಕಾಲಾವಕಾಶ

ವ್ಯಾಪಾರದ ವಿಷಯದಲ್ಲಿ ಪವಿತ್ರ ಕುರ್‌ಆನ್ ಎರಡು ಹೊಣೆಗಳನ್ನು ಸ್ಪಷ್ಟವಾಗಿ ವಿಧಿಸಿದೆ. ಅಳತೆ-ತೂಕಗಳಲ್ಲಿ ಕಡಿತ ಮಾಡುವವರಿಗೆ ಅಲ್-ಮುತಫ್ಫಿಫೀನ್ ಅಧ್ಯಾಯದ ಆರಂಭದಲ್ಲೇ ಕಠಿಣ ಎಚ್ಚರಿಕೆಯಿದೆ. ಸಾಲಗಾರನು ಸಂಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ನೀಡಬೇಕೆಂದು ಅಲ್-ಬಕರ ಅಧ್ಯಾಯದ 280ನೇ ಸೂಕ್ತವು ಆದೇಶಿಸುತ್ತದೆ. ಹಳೆಯ ದಿನಸಿ ಅಂಗಡಿಯಿಂದ ಇಂದಿನ ಸೂಪರ್ ಮಾರ್ಕೆಟ್‌ವರೆಗೆ ನಾವು ನಡೆದುಬಂದ ಹಾದಿಯಲ್ಲಿ ಮೊದಲನೆಯ ಹೊಣೆಗೆ ಬಲ ಬಂದಿದೆ, ಎರಡನೆಯದು ಸೊರಗಿದೆ.

ಸಕಲೇಶಪುರ ತಾಲೂಕಿನ ಹೆತ್ತೂರು ಬಿಸಿಲೆ ಘಾಟಿಯ ಕಡೆಗಿರುವ ಹೋಬಳಿ ಕೇಂದ್ರ. ಕಾಫಿ, ಏಲಕ್ಕಿ, ಮೆಣಸು, ಭತ್ತ ಇಲ್ಲಿಯ ಬೆಳೆಗಳು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಬಿಡುವು ಕೊಡುವುದಿಲ್ಲ. ಕಾಫಿ ಕೊಯ್ಲಿನ ಹಣ ಕೈಸೇರುವುದು ಚಳಿಗಾಲದಲ್ಲಿ. ಈ ನಡುವಿನ ತಿಂಗಳುಗಳನ್ನು ದಾಟಿಸುತ್ತಿದ್ದುದು ದಿನಸಿ ಅಂಗಡಿಯ ಉದ್ರಿ ಪುಸ್ತಕ. ಅಕ್ಕಿ, ಬೇಳೆ, ಉಪ್ಪು, ಬೆಲ್ಲ, ಒಣಮೀನು, ಸೀಮೆಎಣ್ಣೆ ಎಲ್ಲವೂ ಅದರಲ್ಲಿ ಹೆಸರಿನ ಕೆಳಗೆ ಬರೆಯಲ್ಪಡುತ್ತಿದ್ದವು. ಸಾಲವನ್ನು ಬರೆದಿಡಬೇಕೆಂಬ ಕುರ್‌ಆನಿನ ಆಜ್ಞೆಗೂ ಕಾಲಾವಕಾಶದ ಆಜ್ಞೆಗೂ ಮಲೆನಾಡಿನ ಆ ಪುಸ್ತಕದಲ್ಲಿ ಜಾಗವಿತ್ತು.

ಹಾಗೆಂದು ಹಳೆಯದೆಲ್ಲವೂ ಶುದ್ಧವಾಗಿರಲಿಲ್ಲ. ಸೇರು, ಪಾವುಗಳು ಊರಿಂದೂರಿಗೆ ವ್ಯತ್ಯಾಸವಾಗುತ್ತಿದ್ದವು. ಸವೆದ ಬಟ್ಟು, ಕಲಬೆರಕೆ ಬೇಳೆ, ಓದಲು ಬಾರದವನ ಖಾತೆಯಲ್ಲಿ ಹೆಚ್ಚಾಗುವ ಅಂಕೆ ಇವೂ ಇದ್ದವು. ಮದೀನದ ಪೇಟೆಯಲ್ಲಿ ಪ್ರವಾದಿ ಮುಹಮ್ಮದ್ (ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟು ಅಡಗಿಸಿದ್ದ ತೇವವನ್ನು ಕಂಡು, ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸಿದರು. ಮುಂದೆ ಇಸ್ಲಾಮೀ ನಗರಗಳಲ್ಲಿ ಅಳತೆ-ತೂಕಗಳನ್ನು ಪರೀಕ್ಷಿಸಲು ಮುಹ್ತಸಿಬ್ ಎಂಬ ಅಧಿಕಾರಿಯಿದ್ದನು. ನಮ್ಮ ದೇಶದಲ್ಲಿ 1956ರ ತೂಕ-ಅಳತೆ ಕಾಯ್ದೆಯ ಬಳಿಕ ಕಿಲೋಗ್ರಾಮ್ ಬಂದಿತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯ ಲೆಕ್ಕ ಜಾರಿಯಾಯಿತು.

ಗಿರಾಕಿಯೇ ವಸ್ತುವನ್ನು ಆರಿಸಿಕೊಳ್ಳುವ ದಿನಸಿ ಮಳಿಗೆ 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಆರಂಭವಾಯಿತು. ಇಂದು ಅದೇ ಕ್ರಮ ಹಾಸನ, ಸಕಲೇಶಪುರಗಳಿಗೂ ಬಂದಿದೆ. ಪೊಟ್ಟಣದ ಮೇಲೆ ತೂಕ ಮತ್ತು ಗರಿಷ್ಠ ಬೆಲೆ ಮುದ್ರಿತವಾಗಿವೆ. ಅಕ್ಷರ ಬಾರದವನಿಗೂ ಸಿರಿವಂತನಿಗೂ ಒಂದೇ ದರ. ಇದು ನ್ಯಾಯ, ಇದನ್ನು ಮೆಚ್ಚಬೇಕು. ಆದರೆ ಬಿಲ್ಲಿನ ಯಂತ್ರಕ್ಕೆ ಮಳೆಗಾಲ ತಿಳಿಯದು. ಅಲ್ಲಿ ಕೈಯಲ್ಲಿ ಹಣವಿಲ್ಲದವನಿಗೆ ಉಳಿಯುವ ದಾರಿ ಕ್ರೆಡಿಟ್ ಕಾರ್ಡ್. ಅದರ ಗಡುವು ಮೀರಿದರೆ ಬಡ್ಡಿ. ಕರುಣೆಯಿಂದ ಕೊಡಬೇಕಾದ ಕಾಲಾವಕಾಶವೇ ಇಲ್ಲಿ ಮಾರಾಟದ ಸರಕಾಗಿದೆ.

ಜನರಿಗೆ ಸಾಲ ಕೊಡುತ್ತಿದ್ದ ಒಬ್ಬ ವರ್ತಕನು, ಬಡವರನ್ನು ಮನ್ನಿಸುವಂತೆ ತನ್ನ ಸೇವಕನಿಗೆ ಹೇಳುತ್ತಿದ್ದುದರಿಂದ ಅಲ್ಲಾಹನು ಅವನನ್ನೂ ಮನ್ನಿಸಿದನೆಂದು ಹದೀಸ್ ತಿಳಿಸುತ್ತದೆ. ಅಂಥ ವರ್ತಕರು ಉಳಿಯಬೇಕಾದರೆ ಗಿರಾಕಿಯ ಹೊಣೆಯೂ ದೊಡ್ಡದು. ಶಕ್ತನಾದವನು ಸಾಲ ತೀರಿಸಲು ಸತಾಯಿಸುವುದು ಅನ್ಯಾಯವೆಂದು ಪ್ರವಾದಿ (ಸ) ಕಲಿಸಿದ್ದಾರೆ. ಊರಿನ ಅಂಗಡಿಯ ಉದ್ರಿಯನ್ನು ಹಾಗೆಯೇ ಬಿಟ್ಟು, ಕೊಯ್ಲಿನ ಹಣ ಬಂದೊಡನೆ ಪಟ್ಟಣದ ಮಳಿಗೆಯಲ್ಲಿ ನಗದು ಕೊಟ್ಟು ಖರೀದಿಸುವುದು ಈ ಅನ್ಯಾಯವೇ. ಎಲ್ಲಿಯಾದರೂ ಖರೀದಿಸೋಣ, ಮೊದಲು ಹಳೆಯ ಬಾಕಿಯನ್ನು ತೀರಿಸೋಣ. ಅದಕ್ಕೆ ಅಲ್ಲಾಹನು ನಮಗೆ ತೌಫೀಕ್ ನೀಡಲಿ. ಆಮೀನ್.