ಸಾಲ ಬಾಕಿ ಇದ್ರೆ ಸರ್ಕಾರಿ ಕೆಲಸಕ್ಕೆ, ಪೊಲೀಸ್ ವೆರಿಫಿಕೇಶನ್‌ಗೆ ಅಡ್ಡಿ ಆಗ್ತದಾ? ಇಲ್ಲಿದೆ ಮಾಹಿತಿ

ಉಗಾರ ಬುದ್ರುಕ: ಪೊಲೀಸ್, ಸೈನ್ಯ, ಬ್ಯಾಂಕ್ ಪರೀಕ್ಷೆ ಅಂತ ನಮ್ಮ ಭಾಗದ ಹುಡುಗ-ಹುಡುಗಿಯರು ವರ್ಷಗಟ್ಟಲೆ ತಯಾರಿ ಮಾಡುತ್ತಾರೆ. ಅದೇ ಮನೆಯಲ್ಲಿ ಬೈಕ್ ಸಾಲ, ಅಂಗಡಿ ಸಾಲ ಮಗನ ಹೆಸರಿನಲ್ಲೇ ಇರುವುದೂ ಉಂಟು. ಕಂತು ನಿಂತರೆ ಕೆಲಸ ತಪ್ಪುತ್ತದಾ? ಯಾವ ಕೆಲಸ ಎನ್ನುವುದರ ಮೇಲೆ ಉತ್ತರ ಬೇರೆ ಬೇರೆ.

ಪೊಲೀಸ್ ವೆರಿಫಿಕೇಶನ್‌ನಲ್ಲಿ ಮುಖ್ಯವಾಗಿ ನೋಡುವುದು ಕ್ರಿಮಿನಲ್ ಕೇಸ್. ಸಾಲ ಕಟ್ಟಲಾಗದಿರುವುದು ಸಿವಿಲ್ ವಿಷಯ, ಅಷ್ಟಕ್ಕೇ ಕ್ರಿಮಿನಲ್ ಕೇಸ್ ಆಗಲ್ಲ. ಆದರೆ ಚೆಕ್ ಬೌನ್ಸ್ ಹಾಗಲ್ಲ. ಅಂಗಡಿಕಾರರು ಖಾಲಿ ಚೆಕ್‌ಗೆ ಸಹಿ ಹಾಕಿ ಕೊಡುವಾಗ ಇದನ್ನು ನೆನಪಿಡಬೇಕು. ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಇದು ಅಪರಾಧ. 2 ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ನೋಟಿಸ್ ಕೈಸೇರಿದ 15 ದಿನದೊಳಗೆ ಹಣ ಕೊಟ್ಟರೆ ಕೇಸ್ ಹಾಕಲು ಬರುವುದಿಲ್ಲ. ಕೇಸ್ ಆದ ಮೇಲೂ ಇಬ್ಬರೂ ಒಪ್ಪಿದರೆ ರಾಜಿಗೆ ಅವಕಾಶ ಐತಿ.

ಕೇಸ್ ನಡೆಯುತ್ತಿದ್ದರೆ ನೌಕರಿಯ ಫಾರ್ಮ್‌ನಲ್ಲಿ ಕೇಳಿದಾಗ ಮುಚ್ಚಿಡಬೇಡಿ. ನಿಜ ಬರೆದರೂ ನೇಮಕ ಖಾತ್ರಿಯಿಲ್ಲ, ಆದರೆ ಮುಚ್ಚಿಟ್ಟಿದ್ದೇ ಕಾರಣವಾಗಿ ಕೆಲಸ ಹೋಗಬಹುದು ಎಂದು 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಾಸ್‌ಪೋರ್ಟ್‌ಗೂ ಬಾಕಿ ಕ್ರಿಮಿನಲ್ ಕೇಸ್ ತೊಡಕೇ. ಕೋರ್ಟ್ ಅನುಮತಿ ತಂದರೆ ಸಿಗುತ್ತದೆ.

ಬ್ಯಾಂಕ್ ನೌಕರಿ ಮಾತ್ರ ಬಿಗಿ. ಸಾಲ ಅಥವಾ ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿದ ದಾಖಲೆ ಇದ್ದವರು ನೇಮಕಕ್ಕೆ ಅರ್ಹರಲ್ಲ ಎಂದು ಸ್ಟೇಟ್ ಬ್ಯಾಂಕ್ 2020ರ ನೇಮಕಾತಿ ಪ್ರಕಟಣೆಯಲ್ಲೇ ಬರೆದಿತ್ತು. 2020ರ ಅಧಿಕಾರಿ ನೇಮಕಾತಿಯಲ್ಲಿ ಎಲ್ಲ ಹಂತ ಪಾಸಾದ ಒಬ್ಬರ ನೇಮಕವನ್ನು ಸಿಬಿಲ್ ವರದಿ ನೋಡಿ ಬ್ಯಾಂಕ್ ರದ್ದು ಮಾಡಿತು. ಆಮೇಲೆ ಸಾಲ ತೀರಿಸಿದ್ದೇನೆ ಎಂಬ ವಾದ ನಡೆಯಲಿಲ್ಲ; 2025ರಲ್ಲಿ ಮದ್ರಾಸ್ ಹೈಕೋರ್ಟ್ ಬ್ಯಾಂಕಿನ ಕ್ರಮವನ್ನೇ ಎತ್ತಿಹಿಡಿಯಿತು. ಐಬಿಪಿಎಸ್ ಮೂಲಕ ಸೇರುವವರಿಗೆ ಸ್ವಲ್ಪ ದಾರಿ ಐತಿ: ಕೆಲಸಕ್ಕೆ ಸೇರುವ ಮೊದಲು ವರದಿ ಸರಿಮಾಡಿಸಬೇಕು, ಇಲ್ಲವೇ ಸಾಲ ಕೊಟ್ಟವರಿಂದ ಬಾಕಿ ಇಲ್ಲವೆಂಬ ಪತ್ರ ತರಬೇಕು.

ಸಹಿ ಹಾಕಿ ಮರೆತ ಜಾಮೀನೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಗೆಳೆಯ ಕಂತು ಕಟ್ಟದಿದ್ದರೆ ಜಾಮೀನುದಾರನ ವರದಿಯಲ್ಲೂ ಅದು ಕಾಣಿಸಬಹುದು. 'ಒಂದೇ ಸಲ ಇಷ್ಟು ಕಟ್ರಿ, ಮುಗಿಸೋಣ' ಅಂತ ಕಡಿಮೆ ಮೊತ್ತಕ್ಕೆ ಇತ್ಯರ್ಥ ಮಾಡಿಕೊಂಡರೂ ವರದಿಯಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಅಂತ ಬೀಳುತ್ತದೆ. ಇವೆರಡೂ ಒಂದೇ ಅಲ್ಲ.

ಅರ್ಜಿ ಹಾಕುವ ಮೊದಲೇ ವರದಿ ತೆಗೆಸಿ ನೋಡ್ರಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಕೊಡಬೇಕು. ತೀರಿಸಿದ ಸಾಲ ಇನ್ನೂ ಬಾಕಿ ಅಂತ ತೋರಿಸಿದರೆ ಆ ಕಂಪನಿಗೂ ಬ್ಯಾಂಕಿಗೂ ದೂರು ಕೊಡಿ. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ಮುಂದಿನ ಪ್ರತಿ ದಿನಕ್ಕೆ 100 ರೂ. ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅಷ್ಟಾದರೂ ಕೆಲಸ ಆಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಶುಲ್ಕ ಇಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು.