ಕಡಲು ದಾಟಿದ ಡೋಲು

ಮದ್ದಳೆಗೆ ಮುಚ್ಚಿಗೆ ಕಟ್ಟುತ್ತಲೇ ಬೆಳೆದವನು ನಾನು. ಯಾವ ಚರ್ಮವಾದ್ಯ ಕಂಡರೂ ಮೊದಲು ಮರ ನೋಡುತ್ತೇನೆ, ಆಮೇಲೆ ಬಿಗಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಡೋಲಿನ ಚಿತ್ರವನ್ನೂ ಹಾಗೆಯೇ ನೋಡಿದೆ, ಕಣ್ಣು ತೇವವಾಯಿತು.

1730ರ ಸುಮಾರಿಗೆ ವರ್ಜೀನಿಯಾದಲ್ಲಿ ಸಿಕ್ಕ ಅದು ವೈದ್ಯ ಹ್ಯಾನ್ಸ್ ಸ್ಲೋನ್‌ನ ಸಂಗ್ರಹ ಸೇರಿತು. ಅಮೆರಿಕದ ಮೂಲನಿವಾಸಿಗಳದ್ದೆಂದು ಬರೆದಿಟ್ಟರು. ಆದರೆ ಮರ ಸುಳ್ಳು ಹೇಳಲಿಲ್ಲ. ಅದು ಪಶ್ಚಿಮ ಆಫ್ರಿಕಾದ್ದು. ಕೆತ್ತಿದವರು ಈಗಿನ ಘಾನಾ ಸೀಮೆಯ ಅಕಾನ್ ಜನ. ಮುಚ್ಚಿಗೆ ಜಿಂಕೆ ಚರ್ಮದ್ದು. ಅಂಚಿನ ಮರದ ಗೂಟಗಳನ್ನು ಬಡಿದರೆ ಚರ್ಮ ಬಿಗಿಯುತ್ತದೆ.

ಅದು ಕಡಲು ದಾಟಿದ್ದು ಗುಲಾಮರ ಹಡಗಿನಲ್ಲೇ ಇರಬೇಕು. ಅಂಥ ಹಡಗುಗಳಲ್ಲಿ ಬಂಧಿಗಳನ್ನು ಮೇಲಟ್ಟಕ್ಕೆ ತಂದು, ಡೋಲು ಬಾರಿಸಿ ಬಲವಂತವಾಗಿ ಕುಣಿಸುತ್ತಿದ್ದರು. ಮಾರಾಟದ ತನಕ ಮೈ ಗಟ್ಟಿಯಿರಬೇಕಿತ್ತು. ಒಲ್ಲೆನೆಂದವರಿಗೆ ಚಾಟಿ. ದೇವರೆದುರು ನುಡಿಯುವ ವಾದ್ಯಕ್ಕೆ ಇಂಥ ಕೆಲಸ!

ಅದೇ ನಾದ ತಿರುಗಿಯೂ ಬಿತ್ತು. 1739ರ ಸೆಪ್ಟೆಂಬರ್ 9ರಂದು ಸೌತ್ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ದಂಗೆಯೆದ್ದು, ಡೋಲು ಬಾರಿಸುತ್ತ ಸ್ಪೇನಿನ ವಶದಲ್ಲಿದ್ದ ಫ್ಲಾರಿಡಾದತ್ತ ನಡೆದರು. ಶಸ್ತ್ರಧಾರಿ ತೋಟದ ಮಾಲೀಕರು ಅವರನ್ನು ಅಂದೇ ಮುರಿದರು. ಅಲ್ಲಿನ 1740ರ ಕಾಯ್ದೆ ಗುಲಾಮರಿಗೆ ಡೋಲು, ಕೊಂಬುಗಳನ್ನು ನಿಷೇಧಿಸಿತು.

ತಾಳ ಸಾಯಲಿಲ್ಲ. ಅಂಗೈ ತಟ್ಟಿದರು, ತೊಡೆ ಬಡಿದರು, ನೆಲವನ್ನೇ ನುಡಿಸಿದರು. ಸೋರೆಬುರುಡೆಗೆ ಚರ್ಮ ಬಿಗಿದು ಬ್ಯಾಂಜೊ ಎಂಬ ತಂತಿವಾದ್ಯ ಮಾಡಿಕೊಂಡರು. ಮುಂದೆ ಬಿಳಿಯರೂ ಅದನ್ನು ಕೈಗೆತ್ತಿಕೊಂಡರು. ಡೋಲನ್ನು ಕಸಿಯಬಹುದು, ಮೈಯೊಳಗೆ ಇಳಿದ ಲಯವನ್ನು ಯಾವ ಕಾಯ್ದೆ ಕಸಿದೀತು?